ಅಶ್ಮರಿ ಚಿಕಿತ್ಸೆ ಮತ್ತು ‘ನಿಷ್ಫಲ’ವೆಂಬ ಒರೆಗಲ್ಲು

ಭಟ್ಕಳ ತಾಲೂಕಿನ ಕಡಲ ಬದಿಗೆ ಶಿರಾಲಿಯಿದೆ, ಘಟ್ಟದ ಬದಿಗೆ ಹಾಡುವಳ್ಳಿಯಿದೆ. ಶಿರಾಲಿಯ ಹೆಸರು ಇಂದು ಚಿತ್ರಾಪುರ ಮಠದೊಡನೆ ಸೇರಿಕೊಂಡಿದೆ. ಹಾಡುವಳ್ಳಿಯಾದರೋ ಸಂಗೀತಪುರವೆಂಬ ಹೆಸರಿನಿಂದ ಜೈನ ಅರಸರ ರಾಜಧಾನಿಯಾಗಿ, ಜೈನ ವಿದ್ಯೆಯ ನೆಲೆಯಾಗಿ ಮೆರೆದ ಊರು. 1604ರಲ್ಲಿ ಕರ್ನಾಟಕ ಶಬ್ದಾನುಶಾಸನವನ್ನು ರಚಿಸಿದ ಭಟ್ಟಾಕಳಂಕ ದೇವರು ಈ ಹಾಡುವಳ್ಳಿಯ ಗುರುಪರಂಪರೆಗೆ ಸೇರಿದವರು. ಅದಕ್ಕೂ ಅರ್ಧ ಶತಮಾನ ಮೊದಲು ಈ ಸೀಮೆಯನ್ನೂ ನಗಿರೆಯನ್ನೂ ಆಳಿದ ಸಾಳ್ವಮಲ್ಲನ ಆಶ್ರಯದಲ್ಲಿದ್ದ ಸಾಳ್ವಕವಿಯು ಭಾರತವನ್ನೂ ರಸರತ್ನಾಕರವನ್ನೂ ಬರೆದುದಲ್ಲದೆ ವೈದ್ಯಸಾಂಗತ್ಯವೆಂಬ ಒಂದು ಕೃತಿಯನ್ನೂ ಬರೆದನು. ವೈದ್ಯವನ್ನು ಸಾಂಗತ್ಯದಲ್ಲಿ ಹೇಳಿದುದೇ ಒಂದು ವಿಚಾರಾರ್ಹ ಸಂಗತಿ. ಸಾಂಗತ್ಯವು ಹಾಡುವ ಮಟ್ಟು. ಅದು ವಿದ್ವತ್ಸಭೆಗಿಂತ ಮನೆಯ ಜಗುಲಿಗೆ ಹತ್ತಿರವಾದುದು. ವೈದ್ಯವಿದ್ಯೆಯು ಪಂಡಿತರ ಕೈಯಿಂದ ಗೃಹಸ್ಥರ ಕಿವಿಗೆ ಇಳಿಯಬೇಕೆಂಬ ಅಪೇಕ್ಷೆ ಆ ಛಂದಸ್ಸಿನ ಆಯ್ಕೆಯಲ್ಲಿ ಕಾಣುತ್ತದೆ.

ಕನ್ನಡದ ವೈದ್ಯಸಾಹಿತ್ಯವನ್ನು ಕುರಿತು ಬರೆಯುವವರು ಜೈನ ಗ್ರಂಥಕಾರರನ್ನು ಬಿಟ್ಟು ಮುಂದೆ ಸಾಗುವಂತಿಲ್ಲ. ಕೀರ್ತಿವರ್ಮನ ಗೋವೈದ್ಯ, ಪೂಜ್ಯಪಾದರದೆಂದು ಪ್ರಸಿದ್ಧವಾದ ಕಲ್ಯಾಣಕಾರಕವನ್ನು 12ನೆಯ ಶತಮಾನದಲ್ಲಿ ಕನ್ನಡಿಸಿದ ಜಗದ್ದಳ ಸೋಮನಾಥನ ಕೃತಿ, 14ನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ, ಶ್ರೀಧರದೇವನ ವೈದ್ಯಾಮೃತ ಇವೆಲ್ಲ ಎಲ್ಲರೂ ಎಣಿಸುವ ಹೆಸರುಗಳು. ಎಣಿಸಿದ ಮೇಲೆ ಹೇಳುವ ಮಾತೂ ಸಾಮಾನ್ಯವಾಗಿ ಒಂದೇ: ಜೈನ ವೈದ್ಯವು ಮದ್ಯ ಮಾಂಸಗಳನ್ನು ವರ್ಜಿಸಿದ ಅಹಿಂಸಾತ್ಮಕ ವೈದ್ಯ. ಮಾತು ಸತ್ಯ. ಆದರೆ ಈ ಮಾತಿನಲ್ಲೇ ವಿಚಾರವು ನಿಂತುಬಿಟ್ಟಿರುವುದು ಈ ಸಾಹಿತ್ಯಕ್ಕೆ ಆದ ಅನ್ಯಾಯ. ಔಷಧದಲ್ಲಿ ಏನು ಇಲ್ಲ ಎಂಬುದನ್ನು ಹೇಳಿದರೆ ಆ ಔಷಧದಿಂದ ಏನಾಗುತ್ತದೆ ಎಂಬುದನ್ನು ಹೇಳಿದಂತಾಗಲಿಲ್ಲ. ಒಂದು ರೋಗವನ್ನು ಹಿಡಿದು ಪರೀಕ್ಷಿಸಿದರೆ ಈ ಭೇದವು ಸ್ಪಷ್ಟವಾಗುತ್ತದೆ. ಅದಕ್ಕೆ ಅಶ್ಮರಿ, ಎಂದರೆ ಮೂತ್ರಮಾರ್ಗದ ಕಲ್ಲು, ಬಹಳ ಯೋಗ್ಯವಾದ ರೋಗ. ಕಲ್ಲು ಇದೆಯೋ ಇಲ್ಲವೋ, ಹೋಯಿತೋ ಉಳಿಯಿತೋ ಎಂಬುದನ್ನು ಕಣ್ಣಿನಿಂದ ನೋಡಿ ನಿರ್ಣಯಿಸಬಹುದು. ನಂಬಿಕೆಯ ಮರೆಯಲ್ಲಿ ಅಡಗಲು ಅದಕ್ಕೆ ಅವಕಾಶ ಕಡಿಮೆ.

ಸುಶ್ರುತಸಂಹಿತೆಯು ಎಂಟು ಮಹಾರೋಗಗಳಲ್ಲಿ ಅಶ್ಮರಿಯನ್ನೂ ಸೇರಿಸಿದೆ. ವಾತ, ಪಿತ್ತ, ಕಫ, ಶುಕ್ರ ಎಂಬ ಕಾರಣಭೇದದಿಂದ ಅದನ್ನು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಕಲ್ಲು ಹುಟ್ಟುವ ಬಗೆಗೆ ಅಲ್ಲಿ ಕೊಟ್ಟಿರುವ ದೃಷ್ಟಾಂತವು ಇಂದಿಗೂ ಬೆರಗು ಹುಟ್ಟಿಸುವಂಥದು: ಹೊಸ ಮಡಕೆಯಲ್ಲಿ ತಿಳಿನೀರನ್ನು ತುಂಬಿಟ್ಟರೂ ಕಾಲಕ್ರಮದಲ್ಲಿ ತಳದಲ್ಲಿ ಕೆಸರು ಕೂಡುವಂತೆ ಮೂತ್ರಾಶಯದಲ್ಲಿ ಅಶ್ಮರಿ ಕೂಡುತ್ತದೆ. ಮೂತ್ರದಲ್ಲಿ ಕರಗಿರುವ ಲವಣಗಳು ಮಿತಿಮೀರಿ ಸಾಂದ್ರವಾದಾಗ ಹರಳುಗಟ್ಟುತ್ತವೆಯೆಂಬ ಇಂದಿನ ವಿವರಣೆಗೂ ಈ ಮಡಕೆಗೂ ದೂರ ಹೆಚ್ಚಿಲ್ಲ. ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟಿನವು. ಉಳಿದವು ಕ್ಯಾಲ್ಸಿಯಂ ಫಾಸ್ಫೇಟ್, ಯೂರಿಕ್ ಆಮ್ಲ, ಸೋಂಕಿನಿಂದಾಗುವ ಕಲ್ಲು ಮುಂತಾದವು.

ಚಿಕಿತ್ಸೆಯ ಪ್ರಕರಣಕ್ಕೆ ಬಂದಾಗ ವ್ರತಧಾರಿಯಾದ ಗೃಹಸ್ಥನಿಗೆ ಹೆಜ್ಜೆಹೆಜ್ಜೆಗೂ ತಡೆಯುಂಟಾಗುತ್ತದೆ. ನೆಗ್ಗಿಲು ಬೀಜದ ಚೂರ್ಣವನ್ನು ಜೇನಿನೊಡನೆ ಕಲಸಿ ಕುರಿಯ ಹಾಲಿನಲ್ಲಿ ಏಳು ದಿನ ಸೇವಿಸಬೇಕೆಂದು ಒಂದು ಯೋಗ. ಕ್ರೌಂಚಪಕ್ಷಿ, ಒಂಟೆ, ಕತ್ತೆಗಳ ಎಲುಬುಗಳನ್ನು ನೆಗ್ಗಿಲು, ಶುಂಠಿ ಮೊದಲಾದುವುಗಳೊಡನೆ ಸೇರಿಸಿ ಸುರೆಯಲ್ಲಾಗಲಿ ಬಿಸಿನೀರಿನಲ್ಲಾಗಲಿ ಕುಡಿಯಬೇಕೆಂದು ಇನ್ನೊಂದು. ಎಳ್ಳು, ಉತ್ತರಾಣಿ, ಬಾಳೆ, ಮುತ್ತುಗಗಳನ್ನು ಸುಟ್ಟು ತೆಗೆದ ಕ್ಷಾರವನ್ನು ಕುರಿಯ ಮೂತ್ರದೊಡನೆ ಕೊಡುವುದು ಮತ್ತೊಂದು. ಚರಕಸಂಹಿತೆಯಲ್ಲಿ ಇನ್ನೂ ವಿಚಿತ್ರವಾದ ಸೂಚನೆಯಿದೆ: ತೀಕ್ಷ್ಣವಾದ ಮದ್ಯವನ್ನು ಕುಡಿದು ವೇಗದ ರಥದಲ್ಲೋ ಕುದುರೆಯ ಮೇಲೋ ಓಡಬೇಕು. ಅದರಿಂದ ಸಣ್ಣ ಹರಳು ಜಾರಿ ಬೀಳುತ್ತದೆ. ದೊಡ್ಡ ಕಲ್ಲು ಶಮನವಾಗದಿದ್ದರೆ ಶಸ್ತ್ರವೈದ್ಯನು ಅದನ್ನು ತೆಗೆಯಬೇಕು. ಮದ್ಯ, ಮಾಂಸ, ಮಧು ಈ ಮೂರರ ತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಮೊದಲಿನವು. ಅಶ್ಮರಿಯ ಒಂದೇ ಪ್ರಕರಣದಲ್ಲಿ ಮದ್ಯವೂ ಇದೆ, ಮಧುವೂ ಇದೆ, ಪ್ರಾಣಿಗಳ ಎಲುಬೂ ಇದೆ. ಕಲ್ಲಿನ ನೋವಿನಿಂದ ಹೊರಳಾಡುವವನ ಮುಂದೆ ಈ ಬಟ್ಟಲನ್ನು ಹಿಡಿದಾಗ ಅವನು ಏನು ಮಾಡಬೇಕು? ಜೈನ ವೈದ್ಯಗ್ರಂಥಗಳ ಹುಟ್ಟಿಗೆ ಕಾರಣವಾದ ಧರ್ಮಸಂಕಟ ಇಂಥದು. ಇದನ್ನು ಪುಸ್ತಕದ ಸಮಸ್ಯೆಯೆಂದು ತಿಳಿಯಬಾರದು. ವೈದ್ಯದಾನವನ್ನು ನಾಲ್ಕು ದಾನಗಳಲ್ಲಿ ಒಂದೆಂದು ಎಣಿಸಿದ ಸಮಾಜಕ್ಕೆ, ಕೊಡಬಹುದಾದ ಔಷಧ ಯಾವುದೆಂಬುದು ನಿತ್ಯದ ಪ್ರಶ್ನೆಯಾಗಿತ್ತು.

ಈ ಸಂಕಟಕ್ಕೆ ನೇರವಾಗಿ ಎದುರುನಿಂತವರು ಉಗ್ರಾದಿತ್ಯಾಚಾರ್ಯರು. 9ನೆಯ ಶತಮಾನದ ಅವರ ಸಂಸ್ಕೃತ ಕಲ್ಯಾಣಕಾರಕವು ಇಪ್ಪತ್ತೈದು ಪರಿಚ್ಛೇದಗಳ ದೊಡ್ಡ ಗ್ರಂಥ. 1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಸೊಲ್ಲಾಪುರದಿಂದ ಹಿಂದೀ ಅನುವಾದದೊಡನೆ ಪ್ರಕಟವಾಯಿತು. ಗ್ರಂಥದ ಕೊನೆಗೆ ಸೇರಿರುವ ಹಿತಾಹಿತಾಧ್ಯಾಯವು ನೃಪತುಂಗನ ಸಭೆಯಲ್ಲಿ ವೈದ್ಯರ ಮುಂದೆ ಮಾಂಸದ ನಿಷ್ಫಲತೆಯನ್ನು ಪ್ರತಿಪಾದಿಸಿದ ವಾದವೆಂದು ಹೇಳಲಾಗಿದೆ. ಇಲ್ಲಿ ‘ನಿಷ್ಫಲ’ ಎಂಬ ಪದವನ್ನು ವಿಮರ್ಶಕರು ಸಾಕಷ್ಟು ಗಮನಿಸಿಲ್ಲ. ಮಾಂಸಭಕ್ಷಣ ಪಾಪವೆಂದು ಹೇಳಿ ಆಚಾರ್ಯರು ಸುಮ್ಮನಾಗಬಹುದಾಗಿತ್ತು. ಆ ಮಾತನ್ನು ಅನ್ಯಮತದ ವೈದ್ಯರು ಧರ್ಮಶಾಸ್ತ್ರದ ವಿಷಯವೆಂದು ಬದಿಗೆ ಸರಿಸುತ್ತಿದ್ದರು. ಆದ್ದರಿಂದ ಅವರು ವೈದ್ಯರ ನೆಲದ ಮೇಲೆಯೇ ನಿಂತು ವಾದಿಸಿದರು. ಮಾಂಸವು ಚಿಕಿತ್ಸೆಯಲ್ಲಿ ಫಲ ಕೊಡುವುದಿಲ್ಲ ಎಂಬುದು ಅನುಭವದಿಂದ ಪರೀಕ್ಷಿಸಬಹುದಾದ ಮಾತು. ಹೀಗೆ ಫಲವನ್ನು ಪ್ರಮಾಣವಾಗಿ ಒಪ್ಪಿಕೊಂಡ ಮೇಲೆ ಆ ಪ್ರಮಾಣವು ಎದುರಾಳಿಯ ಔಷಧಕ್ಕೆ ಮಾತ್ರ ಅನ್ವಯಿಸಿ ತನ್ನ ಔಷಧಕ್ಕೆ ಅನ್ವಯಿಸುವುದಿಲ್ಲ ಎನ್ನುವಂತಿಲ್ಲ. ಎಲುಬಿನ ಚೂರ್ಣಕ್ಕೆ ಹಿಡಿದ ಒರೆಗಲ್ಲನ್ನು ನೆಗ್ಗಿಲಿಗೂ ಹಿಡಿಯಬೇಕು.

ಮುಂದಿನ ಪರಂಪರೆಯು ಉಗ್ರಾದಿತ್ಯರಿಂದ ವರ್ಜ್ಯಗಳ ಪಟ್ಟಿಯನ್ನು ಪಡೆಯಿತು. ಒರೆಗಲ್ಲನ್ನು ಮರೆಯಿತು. ಇಂದಿಗೆ ಬಂದರಂತೂ ಆ ಮರೆವು ಪೂರ್ಣವಾಗಿದೆ. ‘ಸಂಪೂರ್ಣ ಸಸ್ಯಜನ್ಯ’ ಎಂಬ ಚೀಟಿಯಂಟಿಸಿದ ಡಬ್ಬಿಯಲ್ಲಿರುವುದೆಲ್ಲ ಹಿತವೆಂದೇ ಅನೇಕ ಶ್ರಾವಕರ ಗ್ರಹಿಕೆ.

ಶಿರಾಲಿಯ ಸುತ್ತಿನ ಕರಾವಳಿಯಲ್ಲಿ ಕಲ್ಲಿಗೆ ಮನೆಮದ್ದು ತಿಳಿಯದ ಮನೆ ಸಿಗುವುದು ಕಷ್ಟ. ಬಾಳೆದಿಂಡಿನ ರಸ, ಹುರುಳಿಕಟ್ಟಿನ ಸಾರು, ಎಳನೀರು, ನೆಗ್ಗಿಲಿನ ಕಷಾಯ ಇವು ಎಲ್ಲರ ಬಾಯಲ್ಲಿವೆ. ಇವುಗಳಲ್ಲಿ ಹುರುಳಿಗೆ ಸಂಹಿತೆಗಳ ಬೆಂಬಲವಿದೆ. ಅಶ್ಮರಿಯಲ್ಲಿ ಕುಲತ್ಥವನ್ನು ಪ್ರಾಚೀನರು ಪಥ್ಯವಾಗಿಯೂ ಔಷಧವಾಗಿಯೂ ಹೇಳಿದ್ದಾರೆ. ಇದರಿಂದ ಕೆಡುಕೇನೂ ಇಲ್ಲ. ಸಾರು, ರಸ, ಕಷಾಯಗಳ ಮೂಲಕ ಹೊಟ್ಟೆಗೆ ನೀರು ಹೋಗುವುದೇ ಅರ್ಧ ಲಾಭ. ಆದರೆ ಪಾಷಾಣಭೇದದ ವಿಷಯಕ್ಕೆ ಬಂದಾಗ ಗೊಂದಲ ಆರಂಭವಾಗುತ್ತದೆ. ಕಲ್ಲನ್ನು ಒಡೆಯುವುದೆಂಬ ಅರ್ಥದ ಈ ಹೆಸರಿನಿಂದ ವೈದ್ಯರು ಬಹುತೇಕ ಗುರುತಿಸುವುದು ಹಿಮಾಲಯದ ಬಂಡೆಗಳ ಸಂದಿಯಲ್ಲಿ ಬೆಳೆಯುವ ಒಂದು ಮೂಲಿಕೆಯನ್ನು. ದಕ್ಷಿಣದಲ್ಲಿ ಅದೇ ಹೆಸರಿಗೆ ಹೊಳೆಯ ಬಂಡೆಗಳ ನಡುವಣ ಪೊದೆಗಿಡ, ಕಾಡುಬಸಳೆ, ದೊಡ್ಡಪತ್ರೆ ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಸಸ್ಯಗಳು ಬಳಕೆಯಲ್ಲಿವೆ. ಬಂಡೆಯನ್ನು ಸೀಳಿ ಬೆಳೆಯುವ ಗಿಡವು ದೇಹದ ಕಲ್ಲನ್ನೂ ಸೀಳುವುದೆಂಬ ಸಾದೃಶ್ಯವು ಕಾವ್ಯಕ್ಕೆ ಭೂಷಣ. ವೈದ್ಯಕ್ಕೆ ಅಷ್ಟು ಸಾಲದು. ಯಾವ ಗಿಡವೆಂದೇ ನಿಶ್ಚಯವಿಲ್ಲದಾಗ ಅದರ ಫಲದ ಬಗೆಗೆ ನಿಶ್ಚಯವಾಗಿ ಮಾತನಾಡುವುದು ಸತ್ಯಾಣುವ್ರತಕ್ಕೆ ಒಗ್ಗುವ ನಡೆಯೇ?

ಉತ್ತರ ಕನ್ನಡದ ಕಾಡಿನ ಉಪ್ಪಾಗೆಯ ಕಥೆಯನ್ನು ಇಲ್ಲಿ ನೆನೆಯಬಹುದು. ಈ ಹಣ್ಣಿನ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವಿದೆ. ಈ ದ್ರವ್ಯವು ಕ್ಯಾಲ್ಸಿಯಂ ಆಕ್ಸಲೇಟಿನ ಹರಳು ಬೆಳೆಯುವುದನ್ನು ತಡೆಯುವುದಲ್ಲದೆ ಕೆಲವು ಸಂದರ್ಭಗಳಲ್ಲಿ ಅದನ್ನು ಕರಗಿಸಲೂಬಲ್ಲದು ಎಂದು ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಪ್ರಯೋಗಶಾಲೆಯ ಗಾಜಿನ ಪಾತ್ರೆಯಲ್ಲಿ ಕಂಡ ಫಲ ಅದು. ರೋಗಿಯ ಕಲ್ಲು ಕರಗಿತೆಂಬುದಕ್ಕೆ ಅದು ಪ್ರಮಾಣವಲ್ಲ. ಮೈಯಿಳಿಸುವ ಗುಳಿಗೆಯಾಗಿ ಇದೇ ಉಪ್ಪಾಗೆಯ ಸಾರವು ವಿದೇಶಗಳಲ್ಲಿ ಮಾರಾಟವಾಗುತ್ತದೆ. ಅದನ್ನು ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದ ವರದಿಗಳಿವೆ. ಸಿಪ್ಪೆಗೆ ಬೇಡಿಕೆ ಬಂದಾಗ ಅದನ್ನು ಒಣಗಿಸಲು ಕಾಡಿನ ಸೌದೆ ಸುಡುವುದೂ, ಕಾಯಿಗಾಗಿ ಕೊಂಬೆ ಕಡಿಯುವುದೂ ನಡೆಯಿತು. ಸಸ್ಯಜನ್ಯವೆಂದ ಮಾತ್ರಕ್ಕೆ ಹಿಂಸೆಯಿಲ್ಲವೆನ್ನುವವರು ಏಕೇಂದ್ರಿಯ ಜೀವಗಳ ವಿಚಾರವನ್ನು ಎಷ್ಟು ಬೇಗ ಮರೆಯುತ್ತಾರೆ!

ಇನ್ನು ಫಲದ ಲೆಕ್ಕ. ‘ಚೂರ್ಣ ತೆಗೆದುಕೊಂಡೆ, ಕಲ್ಲು ಹೋಯಿತು’ ಎಂಬ ಮಾತನ್ನು ಪ್ರಾಮಾಣಿಕರಾದ ಸಾವಿರಾರು ಜನ ಹೇಳುತ್ತಾರೆ. ಅವರು ಸುಳ್ಳು ಹೇಳುವುದಿಲ್ಲ. ಆದರೆ ಮೂತ್ರನಾಳಕ್ಕಿಳಿದ 5 ಮಿಲಿಮೀಟರಿನವರೆಗಿನ ಕಲ್ಲುಗಳಲ್ಲಿ ಶೇಕಡ 68ರಷ್ಟು ಯಾವ ಔಷಧವೂ ಇಲ್ಲದೆ ತಾವಾಗಿಯೇ ಹೊರಬೀಳುತ್ತವೆಯೆಂದು ಅಮೆರಿಕ ಮತ್ತು ಯೂರೋಪಿನ ಮೂತ್ರರೋಗತಜ್ಞರ ಸಂಘಗಳು 2007ರಲ್ಲಿ ಹಲವು ಅಧ್ಯಯನಗಳನ್ನು ಕ್ರೋಡೀಕರಿಸಿ ಅಂದಾಜು ಮಾಡಿದವು. 5ರಿಂದ 10 ಮಿಲಿಮೀಟರಿನವುಗಳಲ್ಲಿ ಈ ಪ್ರಮಾಣ ಶೇಕಡ 47. ಹೀಗಿರುವಾಗ ಹತ್ತು ಜನರಿಗೆ ಬರಿಯ ಬೂದಿಯನ್ನು ಕೊಟ್ಟರೂ ಆರೇಳು ಜನ ಬಂದು ಕೈಮುಗಿದು ಹೋಗುತ್ತಾರೆ. ಗುಣವಾಗದವರು ಬೇರೆ ಕಡೆಗೆ ಹೋಗುವುದರಿಂದ ಅವರ ಲೆಕ್ಕ ವೈದ್ಯನಿಗೆ ಸಿಗುವುದೇ ಇಲ್ಲ. ಔಷಧ ಪಡೆದವರನ್ನೂ ಪಡೆಯದವರನ್ನೂ ಸರಿಸಮನಾಗಿ ಇಟ್ಟು ನೋಡಿದ ದೊಡ್ಡ ಪ್ರಯೋಗಗಳು ಈ ಮೂಲಿಕೆಗಳ ವಿಷಯದಲ್ಲಿ ವಿರಳ. ಫಲವನ್ನು ಪ್ರಮಾಣವಾಗಿ ಹಿಡಿದ ಉಗ್ರಾದಿತ್ಯರ ವಾದಕ್ಕೆ ಈ ವಿರಳತೆ ಒಂದು ಬಾಕಿ ಸಾಲದಂತಿದೆ.

ಇರುವ ಸಂಶೋಧನೆಯಾದರೂ ಯಾವ ಬಗೆಯದು? ಈ ಪ್ರಶ್ನೆಯನ್ನು ಅಹಿಂಸಾ ವೈದ್ಯದ ಪ್ರಶಂಸಕರು ಕೇಳಿದಂತೆ ಕಾಣುವುದಿಲ್ಲ. ವರುಣ, ಬಾಳೆದಿಂಡು, ನೆಗ್ಗಿಲು ಮುಂತಾದುವು ಕಲ್ಲಿಗೆ ಹಿತವೆಂದು ತೋರಿಸುವ ಬರಹಗಳಲ್ಲಿ ಹೆಚ್ಚಿನವು ಇಲಿಗಳ ಮೇಲಿನ ಪ್ರಯೋಗಗಳು. ಸಾಮಾನ್ಯ ಕ್ರಮವೆಂದರೆ ಇಲಿಗಳ ಕುಡಿಯುವ ನೀರಿಗೆ ಶೇಕಡ 0.75ರಷ್ಟು ಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವ್ಯವನ್ನು 28 ದಿನ ಬೆರೆಸಿ ಅವುಗಳ ಮೂತ್ರಪಿಂಡದಲ್ಲಿ ಹರಳು ಹುಟ್ಟಿಸುವುದು, ಕೆಲವಕ್ಕೆ ಕಷಾಯ ಕೊಡುವುದು, ಕೊನೆಗೆ ಎಲ್ಲವನ್ನೂ ಕೊಂದು ಮೂತ್ರಪಿಂಡವನ್ನು ಸೀಳಿ ನೋಡುವುದು. ಕ್ರೌಂಚದ ಎಲುಬನ್ನು ನಿರಾಕರಿಸಿದ ಪರಂಪರೆಯ ಹೆಸರಿನಲ್ಲಿ ಮಾರಾಟವಾಗುವ ಡಬ್ಬಿಯ ಹಿಂದೆ ಪಂಚೇಂದ್ರಿಯ ಜೀವಿಗಳ ಈ ರಾಶಿಯಿದೆ. ಔಷಧದೊಳಗೆ ಪ್ರಾಣಿಯ ಅಂಶವಿಲ್ಲ, ಔಷಧದ ಕೀರ್ತಿಯೊಳಗಿದೆ.

1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯ ಅನುಸೂಚಿಯಲ್ಲಿ ಪಿತ್ತಕೋಶ, ಮೂತ್ರಪಿಂಡ, ಮೂತ್ರಾಶಯಗಳ ಕಲ್ಲುಗಳೂ ಸೇರಿವೆ. ಅವನ್ನು ಗುಣಪಡಿಸುವೆನೆಂದು ಜಾಹೀರಾತು ಕೊಡುವುದು ಅಪರಾಧ. ಕಾಯಿದೆ ಇದ್ದರೂ ‘ಶಸ್ತ್ರಚಿಕಿತ್ಸೆಯಿಲ್ಲದೆ ಕಲ್ಲು ಮಾಯ’ ಎಂಬ ಫಲಕಗಳು ಊರೂರಿನ ಬಸ್ ನಿಲ್ದಾಣಗಳ ಗೋಡೆಯ ಮೇಲಿವೆ. ಇದರಲ್ಲಿ ಹಣದ ನಷ್ಟಕ್ಕಿಂತ ಕಾಲದ ನಷ್ಟ ಭಯಂಕರವಾದುದು. ಮೂತ್ರನಾಳವನ್ನು ಮುಚ್ಚಿದ ಕಲ್ಲು ಕೆಲವೊಮ್ಮೆ ನೋಯುವುದನ್ನು ನಿಲ್ಲಿಸುತ್ತದೆ. ರೋಗಿಯು ಔಷಧ ಫಲಿಸಿತೆಂದು ಸಂತೋಷಪಡುತ್ತಾನೆ. ಒಳಗೆ ಮೂತ್ರವು ಹಿಂದಕ್ಕೆ ಒತ್ತರಿಸಿ ಮೂತ್ರಪಿಂಡವು ಸದ್ದಿಲ್ಲದೆ ಕೆಡುತ್ತಿರುತ್ತದೆ. ಕಲ್ಲಿನೊಡನೆ ಚಳಿಜ್ವರವೂ ಸೇರಿದರೆ ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕಾದ ಸ್ಥಿತಿ ಅದು. ‘ಇನ್ನೂ ಎರಡು ತಿಂಗಳು ಕಷಾಯ ಮುಂದುವರಿಸಿ’ ಎನ್ನುವ ವೈದ್ಯನ ಕೈಯಲ್ಲಿ ಶಸ್ತ್ರವಿಲ್ಲದಿದ್ದರೂ ಪ್ರಮಾದವಿದೆ. ಪ್ರಮಾದದಿಂದ ಪ್ರಾಣಕ್ಕೆ ಹಾನಿಯಾಗುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಲಕ್ಷಣ ಹೇಳುವಾಗ ಅದು ಶಸ್ತ್ರವನ್ನು ಹೆಸರಿಸಿಲ್ಲ.

ಶಸ್ತ್ರವೆಂದರೆ ಹಿಂಸೆ, ಕಷಾಯವೆಂದರೆ ಅಹಿಂಸೆ ಎಂಬ ಸುಲಭ ವಿಭಾಗವು ಆಗಮಸಮ್ಮತವೂ ಅಲ್ಲ, ಆಯುರ್ವೇದಸಮ್ಮತವೂ ಅಲ್ಲ. ವೈದ್ಯಗ್ರಂಥಕಾರರೆಂದೂ ಖ್ಯಾತರಾದ ಪೂಜ್ಯಪಾದರು ಸರ್ವಾರ್ಥಸಿದ್ಧಿಯ ಆರನೆಯ ಅಧ್ಯಾಯದಲ್ಲಿ ಅಸಾತಾವೇದನೀಯ ಕರ್ಮದ ಚರ್ಚೆಯ ನಡುವೆ ಒಂದು ದೃಷ್ಟಾಂತವನ್ನು ಕೊಟ್ಟಿದ್ದಾರೆ. ಪರಮಕರುಣೆಯುಳ್ಳ ವೈದ್ಯನೊಬ್ಬನು ಸಂಯಮಿಯ ಮೈಮೇಲಿನ ಕುರುವನ್ನು ಕೊಯ್ಯುತ್ತಾನೆ. ಸಂಯಮಿಗೆ ನೋವಾಗುತ್ತದೆ. ಆದರೂ ಹೊರಗಿನ ನಿಮಿತ್ತಮಾತ್ರದಿಂದ ವೈದ್ಯನಿಗೆ ಪಾಪಬಂಧವಾಗುವುದಿಲ್ಲ. ಕೊಯ್ಯುವವನು ಯಾರು, ಕೊಯ್ಯಿಸಿಕೊಳ್ಳುವವನು ಯಾರು ಎಂಬುದನ್ನು ನೋಡಬೇಕು. ಸಾಮಾನ್ಯ ಗೃಹಸ್ಥನನ್ನು ಬಿಟ್ಟು ಸಂಯಮಿಯನ್ನೇ ಆಚಾರ್ಯರು ಆರಿಸಿಕೊಂಡಿದ್ದಾರೆ. ವಾದಕ್ಕೆ ಅತ್ಯಂತ ಕಠಿನವಾದ ಉದಾಹರಣೆಯನ್ನು ಎತ್ತಿಕೊಂಡು ಅಲ್ಲಿಯೂ ಸಂದೇಹವನ್ನು ನಿವಾರಿಸಿದ್ದಾರೆ. ಅಶ್ಮರಿಯ ಶಸ್ತ್ರಚಿಕಿತ್ಸೆಗೆ ಅಂಜುವ ಶ್ರಾವಕನಿಗೆ ಇದಕ್ಕಿಂತ ದೊಡ್ಡ ಅಭಯವು ಬೇಕಾಗಿಲ್ಲ.

ಇತ್ತ ಸುಶ್ರುತಸಂಹಿತೆಯ ಶಸ್ತ್ರಪ್ರಕರಣವನ್ನು ನೋಡಿದರೆ ಪ್ರಾಚೀನ ವೈದ್ಯನ ನೈತಿಕ ಸೂಕ್ಷ್ಮತೆಗೆ ತಲೆದೂಗಬೇಕಾಗುತ್ತದೆ. ಘೃತ, ಕ್ಷಾರ, ಕಷಾಯಗಳಿಂದ ಕಲ್ಲು ಶಮನವಾಗದಿದ್ದಾಗ ಮಾತ್ರ ಶಸ್ತ್ರ. ಸೀವನಿಯ ಎಡಕ್ಕೆ ಜವೆಗೋಧಿಯಷ್ಟು ಅಂತರ ಬಿಟ್ಟು ಕೊಯ್ಯಬೇಕು. ಕಲ್ಲು ಒಡೆಯದಂತೆ, ಪುಡಿಯಾಗದಂತೆ ಇಡಿಯಾಗಿ ತೆಗೆಯಬೇಕು, ಏಕೆಂದರೆ ಚೂರು ಉಳಿದರೂ ಮತ್ತೆ ಬೆಳೆಯುತ್ತದೆ. ಕುಶಲನಿಗೂ ಸಿದ್ಧಿ ನಿಶ್ಚಿತವಲ್ಲವೆಂದು ಅಲ್ಲಿ ಬಾಯಿಬಿಟ್ಟು ಒಪ್ಪಲಾಗಿದೆ. ಕೈಬಿಟ್ಟರೆ ಮರಣ ಖಂಡಿತ, ಕೈಯಿಟ್ಟರೆ ಸಂಶಯ. ಆದ್ದರಿಂದ ಒಡೆಯನನ್ನು ಕೇಳಿ ಅನುಮತಿ ಪಡೆದೇ ವೈದ್ಯನು ಕಾರ್ಯಕ್ಕೆ ಇಳಿಯಬೇಕು. ಬಸ್ ನಿಲ್ದಾಣದ ಫಲಕದ ಖಾತರಿಗೂ ಈ ಮಾತಿಗೂ ಇರುವ ಅಂತರವನ್ನು ಓದುಗರೇ ಅಳೆಯಬಹುದು. ಆಯುರ್ವೇದದ ಹೆಸರು ಹೇಳುವವರು ಸುಶ್ರುತನ ಈ ವಿನಯವನ್ನು ಏಕೆ ಹೇಳುವುದಿಲ್ಲ? ಇಂದಿನ ಶಸ್ತ್ರವೂ ಅಂದಿನಂತಿಲ್ಲ. 1980ರಲ್ಲಿ ಮ್ಯೂನಿಕ್ ನಗರದಲ್ಲಿ ಹೊರಗಿನಿಂದ ಆಘಾತದ ಅಲೆಗಳನ್ನು ಕಳಿಸಿ ಕಲ್ಲನ್ನು ಒಡೆಯುವ ವಿಧಾನವು ಮೊದಲ ಬಾರಿಗೆ ರೋಗಿಯ ಮೇಲೆ ನಡೆಯಿತು. ಮೂತ್ರಮಾರ್ಗದಿಂದಲೇ ದುರ್ಬೀನನ್ನು ಹಾಯಿಸಿ ಕಲ್ಲನ್ನು ತೆಗೆಯುವುದೂ ಇಂದು ಸಾಮಾನ್ಯವಾಗಿದೆ. ಕಲ್ಲನ್ನು ಕೊಯ್ಯದೆ ಭೇದಿಸಬೇಕೆಂಬ ಹಳೆಯ ವೈದ್ಯರ ಆಸೆಯು ಬೇರೆ ದಾರಿಯಿಂದ ನೆರವೇರಿದಂತಾಯಿತು.

ಈ ವಿಮರ್ಶೆಯು ವೈದ್ಯರನ್ನು ಮಾತ್ರ ಪ್ರಶ್ನಿಸಿ ಆಚಾರವನ್ನು ಬಿಟ್ಟರೆ ಪಕ್ಷಪಾತವಾದೀತು. ಜೈನಾಚಾರದ ನಿಯಮಗಳೆಲ್ಲ ಆರೋಗ್ಯಕ್ಕೆ ಪೋಷಕವೆಂದು ಸಾಧಿಸುವ ಲೇಖನಗಳಿಗೆ ಕೊರತೆಯಿಲ್ಲ. ನೀರನ್ನು ಸೋಸಿ ಕಾಯಿಸಿ ಕುಡಿಯುವುದರಿಂದ ರೋಗಗಳು ದೂರವಾಗುತ್ತವೆ, ಇದು ನಿಜ. ಆದರೆ ಅಶ್ಮರಿಯು ನೀರಿನ ಗುಣದಷ್ಟೇ ಅದರ ಪ್ರಮಾಣವನ್ನೂ ಕೇಳುವ ರೋಗ. ಇಟಲಿಯಲ್ಲಿ ಮೊದಲ ಬಾರಿ ಕಲ್ಲು ಕಂಡ 199 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ಎರಡು ಲೀಟರಾದರೂ ಮೂತ್ರವಾಗುವಷ್ಟು ನೀರು ಕುಡಿಯಲು ಹೇಳಿ ಐದು ವರ್ಷ ಗಮನಿಸಿದರು. ನೀರು ಕುಡಿದವರಲ್ಲಿ ಶೇಕಡ 12 ಜನರಿಗೆ, ಉಳಿದವರಲ್ಲಿ ಶೇಕಡ 27 ಜನರಿಗೆ ಕಲ್ಲು ಮರುಕಳಿಸಿತೆಂದು 1996ರಲ್ಲಿ ಪ್ರಕಟವಾಯಿತು. ಎಲುಬಿಲ್ಲದ, ಸುರೆಯಿಲ್ಲದ, ಜೇನಿಲ್ಲದ ಔಷಧಗಳಲ್ಲಿ ಫಲವು ಹೀಗೆ ಲೆಕ್ಕಕ್ಕೆ ಸಿಕ್ಕಿದ ಔಷಧ ನೀರು.

ದಿಗಂಬರ ಮುನಿಗಳು ಆಹಾರವನ್ನೂ ನೀರನ್ನೂ ದಿನಕ್ಕೆ ಒಮ್ಮೆ ಮಾತ್ರ ಸ್ವೀಕರಿಸುತ್ತಾರೆ. ಸೂರ್ಯಾಸ್ತದ ನಂತರ ನಾಲ್ಕು ಬಗೆಯ ಆಹಾರವನ್ನೂ ತ್ಯಜಿಸುವ ಶ್ರಾವಕರು ಅನೇಕರಿದ್ದಾರೆ. ಕರಾವಳಿಯ ಬೇಸಿಗೆಯಲ್ಲಿ ಮೈಯ ನೀರೆಲ್ಲ ಬೆವರಾಗಿ ಹೋಗಿ ರಾತ್ರಿಯ ಮೂತ್ರವು ಗಾಢವಾಗುವುದು ದೇಹದ ಧರ್ಮ. ಅದಕ್ಕೆ ವ್ರತಿ ಅವ್ರತಿಗಳ ಭೇದವಿಲ್ಲ. ಈ ಮಾತನ್ನು ಹೇಳಿದರೆ ವ್ರತವನ್ನು ಹಳಿದಂತಾಗುವುದೆಂಬ ಅಂಜಿಕೆಯಿಂದ ಅನೇಕರು ಹೇಳುವುದಿಲ್ಲ. ಆ ಅಂಜಿಕೆ ಅನಾವಶ್ಯಕ. ವ್ರತದ ಪ್ರಯೋಜನ ಕರ್ಮನಿರ್ಜರೆ. ಅದಕ್ಕೆ ಮೂತ್ರಪಿಂಡದ ಪ್ರಮಾಣಪತ್ರ ಬೇಕಾಗಿಲ್ಲ. ತಪಸ್ಸೂ ತ್ಯಾಗವೂ ಶಕ್ತಿಗನುಸಾರವಾಗಿರಬೇಕೆಂಬುದು ಷೋಡಶಭಾವನೆಗಳಲ್ಲಿ ಸೇರಿರುವ ಮಾತು. ಒಮ್ಮೆ ಕಲ್ಲಾದ ಗೃಹಸ್ಥನು ರಾತ್ರಿಯ ನೀರನ್ನು ಬಿಡುವ ಮೊದಲು ವೈದ್ಯನನ್ನೂ ಗುರುವನ್ನೂ ಕೇಳುವುದು ಆ ಭಾವನೆಗೆ ಅನುಗುಣವಾದ ನಡೆ. ಮುನಿಗಳ ವಿಷಯದಲ್ಲಿ ವೈಯಾವೃತ್ಯದ ಹೊಣೆ ಆಹಾರ ಕೊಡುವ ಶ್ರಾವಕರದು. ಆ ಒಂದೇ ಹೊತ್ತಿನಲ್ಲಿ ಎಷ್ಟು ನೀರು, ಎಷ್ಟು ಎಳನೀರು, ಎಷ್ಟು ಹುರುಳಿಕಟ್ಟು ಅಂಜಲಿಗೆ ಸಲ್ಲಬೇಕೆಂಬುದನ್ನು ಅಡುಗೆಯ ವೈಭವಕ್ಕಿಂತ ಮೊದಲು ಯೋಚಿಸಬೇಕು. ಗೃಹಸ್ಥರ ಲೆಕ್ಕ ಇನ್ನೂ ಸುಲಭ: ಸೂರ್ಯ ಮುಳುಗುವ ಮುನ್ನ, ಬೆಳಗಿನಿಂದಲೇ ಗಂಟೆಗೊಂದರಂತೆ ಕುಡಿಯುವ ಸೋಸಿ ಕಾಯಿಸಿದ ಒಂದು ಲೋಟ ನೀರು ಯಾವ ಮೂಲಗುಣಕ್ಕೂ ವಿರುದ್ಧವಲ್ಲ, ಅದಕ್ಕೆ ಕಾಸೂ ಖರ್ಚಿಲ್ಲ.